ಖಾಲಿ ಕುಲುಮೆಯ ಲೆಕ್ಕ

ನಮ್ಮ ದೊಡ್ಡಪ್ಪ ತೀರಿಕೊಂಡ ದಿನ ನಮಗೆ ಸಿಕ್ಕಿದ್ದು 7ನೇ ನಂಬರಿನ ಟೋಕನ್. ವಿದ್ಯುತ್ ಚಿತಾಗಾರದ ಗೇಟಿನ ಪಕ್ಕ ಒಂದು ಹೊಂಗೆ ಮರ. ಅದರ ನೆರಳಲ್ಲಿ ಬೆಳಿಗ್ಗೆ 11ಕ್ಕೆ ಕೂತವರು ಎದ್ದಿದ್ದು ಸಂಜೆ ನಾಲ್ಕೂವರೆಗೆ. ದೊಡ್ಡಪ್ಪ ಆಂಬ್ಯುಲೆನ್ಸಿನಲ್ಲೇ ಇದ್ದರು. ಮನೆಯಲ್ಲಿ ದೊಡ್ಡಮ್ಮ ಒಂದು ತೊಟ್ಟು ನೀರೂ ಕುಡಿಯದೆ ಕಾಯುತ್ತಿದ್ದರು. ಅರ್ಧ ಗಂಟೆಗೊಮ್ಮೆ ಫೋನ್ ಮಾಡಿ "ಆಯ್ತೇನೋ?" ಎಂದು ಕೇಳುವರು. "ಇನ್ನೂ ಇಲ್ಲ ದೊಡ್ಡಮ್ಮ" ಎಂದು ಎಷ್ಟು ಸಲ ಹೇಳಿದೆನೋ.

ಒಳಗೆ ಎರಡು ಕುಲುಮೆ ಇದ್ದವು. ಒಂದು ಕೆಟ್ಟು ಕೂತಿತ್ತು. ಇನ್ನೊಂದನ್ನು ನಡೆಸುತ್ತಿದ್ದ ಹಿರಿಯರು ನಡುವೆ ಒಮ್ಮೆ ನೀರು ಕುಡಿಯಲು ಹೊರಗೆ ಬಂದರು. "ಇನ್ನೊಂದು ಹಾಕಿಸಬಾರದಾ?" ಎಂದು ಕೇಳಿದೆ. "ಕೇಳಿದ್ದೀವಿ ಸಾರ್. ಇರೋವೇ ಎಷ್ಟೋ ದಿನ ಅರ್ಧ ಹೊತ್ತು ಖಾಲಿ ಇರ್ತವಲ್ಲ, ಮತ್ತೊಂದು ಯಾಕೆ ಅಂತಾರೆ" ಅಂದರು.

ಕೇಳಿದ ಕೂಡಲೇ ನನಗೂ ಅದು ಸರಿ ಅನ್ನಿಸಿತ್ತು. ಜನರ ತೆರಿಗೆ ದುಡ್ಡು ಹಾಕಿ ಖಾಲಿ ನಿಲ್ಲಿಸುವುದು ಯಾಕೆ, ಅಲ್ವಾ? ಆಮೇಲೆ ಕೂತು ಲೆಕ್ಕ ಹಾಕಿದೆ. ಆ ಮಾತು ತಪ್ಪು. ಎಷ್ಟು ತಪ್ಪು ಎಂದು ತಿಳಿಯಲು ಕುಲುಮೆಯ ಶಾಖದ ಲೆಕ್ಕ ಬೇಕು, ಸರದಿಯ ಲೆಕ್ಕವೂ ಬೇಕು.

ಮೊದಲು ಶಾಖ. ನಮ್ಮ ಮೈಯಲ್ಲಿ ಸುಮಾರು ಶೇ 60ರಷ್ಟು ನೀರೇ. 60 ಕಿಲೋ ತೂಕದವರಲ್ಲಿ 36 ಕಿಲೋ ನೀರು. ಅಷ್ಟನ್ನೂ ಕುದಿಸಿ ಆವಿ ಮಾಡಲು ಬೇಕಾಗುವ ಶಾಖ ಸುಮಾರು 25 ಯೂನಿಟ್ ವಿದ್ಯುತ್ತಿಗೆ ಸಮ. ಎರಡು ಕಿಲೋವಾಟ್‌ನ ಗೀಸರನ್ನು ಹನ್ನೆರಡು ಹದಿಮೂರು ಗಂಟೆ ಹಾಕಿಟ್ಟಷ್ಟು. ನೀರು ಆರಿದ ಮೇಲೆ ಮೈಯ ಕೊಬ್ಬೇ ಇಂಧನ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 10 ಯೂನಿಟ್‌ನಷ್ಟು ಶಾಖ ಇದೆ. ಹತ್ತು ಕಿಲೋ ಕೊಬ್ಬಿದ್ದರೆ 100 ಯೂನಿಟ್. ಅಂದರೆ ದಹನಕ್ಕೆ ಬೇಕಾದ ಶಾಖ ಬಹುಮಟ್ಟಿಗೆ ದೇಹದೊಳಗೇ ಇದೆ. ಅದು ಹೊತ್ತಿಕೊಳ್ಳುವಷ್ಟು ಬಿಸಿಯನ್ನು ಹೊರಗಿನಿಂದ ಕೊಡಬೇಕು, ಅಷ್ಟೆ.

ಹಾಗಾದರೆ ಬಯಲು ಚಿತೆಗೆ 400 ಕಿಲೋಗೂ ಜಾಸ್ತಿ ಸೌದೆ ಯಾಕೆ? 400 ಕಿಲೋ ಒಣ ಸೌದೆ ಎಂದರೆ 1,600 ಯೂನಿಟ್‌ಗೂ ಮಿಕ್ಕಿದ ಶಾಖ. ಅದರಲ್ಲಿ ಹೆಚ್ಚಿನದು ಸುಮ್ನೆ ಆಕಾಶಕ್ಕೆ ಹೋಗುತ್ತದೆ. ಬಯಲಿನಲ್ಲಿ ಬಿಸಿಯನ್ನು ಹಿಡಿದಿಡುವ ಗೋಡೆ ಇಲ್ಲ. ದೆಹಲಿಯಲ್ಲಿ 1992ರಲ್ಲಿ ಶುರುವಾದ ಮೋಕ್ಷದಾ ಸಂಸ್ಥೆ ಇದನ್ನೇ ತಿದ್ದಿತು. ಸೌದೆಯ ಕೆಳಗೆ ಗಾಳಿಯಾಡುವ ಹಾಗೆ ಕಬ್ಬಿಣದ ಜಾಲರಿ, ಮೇಲೆ ಚಿಮಣಿ. ಸಂಪ್ರದಾಯ ಬದಲಾಗಲಿಲ್ಲ, ಬೆಂಕಿ ಬದಲಾಗಲಿಲ್ಲ. ಸೌದೆ 150ರಿಂದ 200 ಕಿಲೋಗೆ ಇಳಿಯಿತು.

ವಿದ್ಯುತ್ ಕುಲುಮೆಯಲ್ಲಿ ಬಿಸಿಯನ್ನು ಹಿಡಿದಿಡುವುದು ಶಾಖಕ್ಕೆ ಜಗ್ಗದ ಇಟ್ಟಿಗೆಯ ಗೋಡೆ. ದೊಡ್ಡಪ್ಪನ ಸರದಿ ಬಂದಾಗ ಅದನ್ನು ಹತ್ತಿರದಿಂದ ನೋಡಿದೆ. ಸರಪಳಿ ಎಳೆದಾಗ ಭಾರದ ಬಾಗಿಲು ಮೇಲಕ್ಕೆ ಹೋಯಿತು. ಒಳಗಿನ ಗೋಡೆ ಕೆಂಡದ ಬಣ್ಣಕ್ಕಿತ್ತು. ಗೋಡೆಯುದ್ದಕ್ಕೂ ಕಾಯಿಲ್‌ಗಳು. ಹಳಿಯ ಮೇಲೆ ಟ್ರಾಲಿ ತಳ್ಳಿದರು. ಬಿದಿರಿನ ಚಟ್ಟ ಒಳಗೆ ಮುಟ್ಟುವ ಮೊದಲೇ ಅದರ ತುದಿ ಹೊತ್ತಿಕೊಂಡಿತು. ಬಾಗಿಲು ಇಳಿಯಿತು. ಹತ್ತು ಸೆಕೆಂಡೂ ಆಗಿರಲಿಲ್ಲ. ನನ್ನ ಮುಖಕ್ಕೆ ಹೊಡೆದ ಆ ಝಳ ದೊಡ್ಡಪ್ಪನಿಗಾಗಿ ಹೊಸದಾಗಿ ಹೊತ್ತಿಸಿದ್ದಲ್ಲ. ಬೆಳಗಿನಿಂದ ಆರು ದಹನ ನಡೆದು ಗೋಡೆ ಕುಡಿದಿಟ್ಟುಕೊಂಡಿದ್ದ ಬಿಸಿ ಅದು.

ಹಳ್ಳಿಮನೆಯ ಬಚ್ಚಲ ಒಲೆ ನೆನಪಿಸಿಕೊಳ್ಳಿ. ಮೊದಲು ಸ್ನಾನಕ್ಕೆ ಹೋಗುವವರಿಗೆ ಒಂದು ಹೊರೆ ಸೌದೆ ಬೇಕು. ಹಂಡೆ, ಒಲೆ, ಗೋಡೆ ಎಲ್ಲ ಕಾಯಬೇಕಲ್ಲ. ಆಮೇಲಿನವರಿಗೆ ಎರಡು ಚಕ್ಕೆ ತಳ್ಳಿದರೆ ಸಾಕು. ಚಿತಾಗಾರದಲ್ಲೂ ಹೀಗೇ. ತಣ್ಣಗಿರುವ ವಿದ್ಯುತ್ ಕುಲುಮೆಯನ್ನು ಕಾಯಿಸಲು ಗಂಟೆಗಟ್ಟಲೆ ಬೇಕು. ದಿನವೂ ತಣಿಸಿ ಕಾಯಿಸಿದರೆ ಇಟ್ಟಿಗೆ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಆದ್ದರಿಂದ ಶಾಖದ ಲೆಕ್ಕ ಹೇಳುವುದು ಒಂದೇ ಮಾತು: ಕುಲುಮೆಯನ್ನು ಖಾಲಿ ಬಿಡಬೇಡಿ, ಒಂದಾದ ಮೇಲೊಂದು ನಡೆಸಿ.

ಸರದಿಯ ಲೆಕ್ಕ ಇದಕ್ಕೆ ತದ್ವಿರುದ್ಧ.

10 ಲಕ್ಷ ಜನರ ಒಂದು ಊರು ಎಂದುಕೊಳ್ಳಿ. ವರ್ಷಕ್ಕೆ ಸಾವಿರಕ್ಕೆ 7 ಸಾವು ಎಂದು ಹಿಡಿದರೆ ದಿನಕ್ಕೆ 19. ಇವರೆಲ್ಲ ಚಿತಾಗಾರಕ್ಕೆ ಬರುವುದಿಲ್ಲ. ಮುಸ್ಲಿಮರು, ಕ್ರೈಸ್ತರು ಹೂಳುತ್ತಾರೆ. ಲಿಂಗಾಯತರಲ್ಲೂ ಹೂಳುವುದೇ ವಾಡಿಕೆ. ಇನ್ನೂ ಎಷ್ಟೋ ಮನೆತನಗಳಲ್ಲಿ ಮಣ್ಣು ಮಾಡುವುದೇ ಪದ್ಧತಿ. ದಿನಕ್ಕೆ 12 ದಹನ ಎಂದಿಟ್ಟುಕೊಳ್ಳೋಣ. ಒಂದು ದಹನಕ್ಕೆ ಒಂದೂವರೆ ಗಂಟೆ. ಹಗಲು ಒಂಬತ್ತು ಗಂಟೆ ಕೆಲಸ ಎಂದರೆ ಒಂದು ಕುಲುಮೆಗೆ ಆರು. ಎರಡು ಕುಲುಮೆಗೆ 12. ಸರಿಹೋಯಿತಲ್ಲ!

ಇಲ್ಲೇ ನಾವು ಎಡವುವುದು. ಸಾವು ಸರಾಸರಿ ನೋಡಿಕೊಂಡು ಬರುವುದಿಲ್ಲ. ಸರಾಸರಿ 12 ಇರುವ ಕಡೆ ಒಂದು ದಿನ 7, ಇನ್ನೊಂದು ದಿನ 17. ಯಾವ ಕಾಯಿಲೆಯೂ ಹರಡದ ಮಾಮೂಲಿ ವರ್ಷದಲ್ಲೂ ಏಳೆಂಟು ದಿನ 20 ಮುಟ್ಟುತ್ತದೆ, ಕೆಲವೊಮ್ಮೆ ದಾಟುತ್ತದೆ. ಇದು ಸಂಭವನೀಯತೆಯ ಸರಳ ಲೆಕ್ಕ. ಜೊತೆಗೆ ನಮ್ಮಲ್ಲಿ ಎಲ್ಲರೂ ಬರುವುದು ಒಂದೇ ಹೊತ್ತಿಗೆ. ದೂರದ ಮಗಳು ಬಂದು ಸೇರಬೇಕು, ಪೂಜೆ ಮುಗಿಯಬೇಕು, ಕತ್ತಲಾಗುವುದರೊಳಗೆ ಕಾರ್ಯ ಆಗಬೇಕು. ಮಧ್ಯಾಹ್ನ 11ರಿಂದ 4ರ ನಡುವೆ ನೂಕುನುಗ್ಗಲು.

ಈ ಸರದಿಯ ಗಣಿತ ಹುಟ್ಟಿದ್ದು ಟೆಲಿಫೋನಿನಿಂದ. 1909ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಆಗ್ನರ್ ಎರ್ಲಾಂಗ್ ಎಂಬ ಗಣಿತಜ್ಞ ಫೋನ್ ಕರೆಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಕರೆಗಳು ಮನಸ್ಸಿಗೆ ಬಂದ ಹೊತ್ತಿಗೆ ಬರುವಾಗ ಎಷ್ಟು ತಂತಿ ಇಡಬೇಕು ಎಂಬುದು ಆಗಿನ ಕಂಪನಿಗಳ ತಲೆನೋವು. ಆಸ್ಪತ್ರೆಯ ಹಾಸಿಗೆ, ಟೋಲ್ ಗೇಟು, ಬ್ಯಾಂಕಿನ ಕೌಂಟರು ಎಲ್ಲಕ್ಕೂ ಇವತ್ತು ಅದೇ ಲೆಕ್ಕ.

ಆ ಲೆಕ್ಕವನ್ನು ಒಂದೇ ಕುಲುಮೆ ಇರುವ ಚಿತಾಗಾರಕ್ಕೆ ಹಾಕಿ ನೋಡಿ. ಕುಲುಮೆ ಅರ್ಧ ಹೊತ್ತು ಮಾತ್ರ ಕೆಲಸದಲ್ಲಿದ್ದರೆ ಒಂದು ಕುಟುಂಬ ಸರಾಸರಿ ಮುಕ್ಕಾಲು ಗಂಟೆ ಕಾಯಬೇಕು. ಶೇ 80ರಷ್ಟು ಹೊತ್ತು ಕೆಲಸದಲ್ಲಿದ್ದರೆ 3 ಗಂಟೆ. ಶೇ 90 ಆದರೆ ಆರೂಮುಕ್ಕಾಲು ಗಂಟೆ. ಶೇ 80ರಿಂದ 90ಕ್ಕೆ ಹೋದಾಗ ಕೆಲಸ ಸ್ವಲ್ಪವೇ ಹೆಚ್ಚಿತು, ಕಾಯುವುದು ಎರಡು ಪಟ್ಟು ದಾಟಿತು. ಶೇ 100 ಮುಟ್ಟಿದರೆ ಸಾಲಿಗೆ ಕೊನೆಯೇ ಇಲ್ಲ, ಅದು ದಿನೇ ದಿನೇ ಬೆಳೆಯುತ್ತದೆ. ನಮ್ಮ 10 ಲಕ್ಷದ ಊರಿನ ಎರಡು ಕುಲುಮೆ ನಿಂತಿರುವುದು ಅಲ್ಲೇ. ಮೂರಿದ್ದರೆ ಉಸಿರಾಡಬಹುದು. ಒಂದು ರಿಪೇರಿಗೆ ಹೋದರೂ ನಡೆಯಬೇಕು ಎಂದರೆ ನಾಲ್ಕು ಬೇಕು. ಆಗ ಅವು ಸರಾಸರಿ ಅರ್ಧ ಹೊತ್ತು ಖಾಲಿ ಇರುತ್ತವೆ. ಆ ಖಾಲಿ ಹೊತ್ತನ್ನು ದಂಡ ಎಂದು ಬರೆದುಕೊಳ್ಳುವವರು ಅಗ್ನಿಶಾಮಕ ಠಾಣೆಯ ವಾಹನ ಇಡೀ ದಿನ ನಿಂತಿರುವುದನ್ನು ಹಾಗೆ ಬರೆದುಕೊಳ್ಳುವುದಿಲ್ಲ.

ಇದನ್ನು ಕೋವಿಡ್‌ನ ಎರಡನೇ ಅಲೆ 2021ರ ಏಪ್ರಿಲ್, ಮೇ ತಿಂಗಳಲ್ಲಿ ನಮಗೆ ಬಹಳ ಕ್ರೂರವಾಗಿ ಕಲಿಸಿತು. ಬೆಂಗಳೂರಿನ ಸುಮನಹಳ್ಳಿ, ಪೀಣ್ಯ, ಮೇಡಿ ಅಗ್ರಹಾರ, ಪಣತ್ತೂರು, ಕೂಡ್ಲು ಚಿತಾಗಾರಗಳ ಮುಂದೆ ಆಂಬ್ಯುಲೆನ್ಸ್‌ಗಳ ಸಾಲು. ಗಿಡ್ಡೇನಹಳ್ಳಿಯ ಕಲ್ಲು ಕ್ವಾರಿಯಲ್ಲಿ, ತಾವರೆಕೆರೆಯ ಬಯಲಲ್ಲಿ ಸಾಲು ಚಿತೆ ಹಚ್ಚಬೇಕಾಯಿತು. ಸ್ವಂತ ಜಮೀನಿನಲ್ಲೇ ಸಂಸ್ಕಾರ ಮಾಡಿಕೊಳ್ಳಲು ಸರ್ಕಾರ ಅನುಮತಿ ಕೊಟ್ಟಿತು. ಗುಜರಾತಿನ ಸೂರತ್‌ನಲ್ಲಿ ಬಿಡುವಿಲ್ಲದೆ ಉರಿದ ಗ್ಯಾಸ್ ಕುಲುಮೆಗಳ ಲೋಹದ ಭಾಗಗಳೇ ಕರಗಿದವು. ಬೆಂಗಳೂರಿನಲ್ಲಿ ಯಾರೂ ಕೇಳಿಕೊಂಡು ಬರದ ಐದುನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಜೂನ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಗೆ ಬಿಡಲಾಯಿತು. ಅಂಥ ಅಲೆಯನ್ನು ತಡೆಯುವಷ್ಟು ಕುಲುಮೆ ಕಟ್ಟಿಡಲು ಯಾವ ಊರಿಗೂ ಆಗದು, ಒಪ್ಪುತ್ತೇನೆ. ಆದರೆ ಮಾಮೂಲಿ ದಿನಗಳಲ್ಲೇ ತುಂಬಿ ತುಳುಕುತ್ತಿದ್ದರೆ ಅಲೆ ಬಂದಾಗ ಒಂದು ದಿನವೂ ತಡೆಯಲಾರದು.

ಶಾಖ ಬೇಡ ಅನ್ನುವ ಖಾಲಿಯನ್ನು ಸರದಿ ಬೇಕು ಅನ್ನುತ್ತದೆ. ಎರಡನ್ನೂ ಹೇಗೆ ಹೊಂದಿಸುವುದು? ದಾರಿ ಇದೆ. ಗ್ಯಾಸಿನ ಕುಲುಮೆ ವಿದ್ಯುತ್ ಕುಲುಮೆಗಿಂತ ಬೇಗ ಕಾಯುತ್ತದೆ, ಬೇಡವಾದಾಗ ಆರಿಸಬಹುದು. ದಿನದ ಮಾಮೂಲಿ ಹೊರೆಗೆ ವಿದ್ಯುತ್, ಹೆಚ್ಚಾದ ದಿನಕ್ಕೆ ಗ್ಯಾಸ್, ಕರೆಂಟು ಹೋದರೆ ಕೆಲವು ಸುಧಾರಿತ ಸೌದೆ ಚಿತೆ. ಹೀಗೆ ಬೆರೆಸಿ ಕಟ್ಟಿದರೆ ಖಾಲಿ ನಿಂತ ಕುಲುಮೆ ಕರೆಂಟು ತಿನ್ನುವುದಿಲ್ಲ. ಅದಕ್ಕಿಂತ ಸುಲಭದ್ದು ಹೊತ್ತು ಗೊತ್ತುಮಾಡಿ ಟೋಕನ್ ಕೊಡುವುದು. ನಿಮಗೆ 2 ಗಂಟೆ ಎಂದು ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದರೆ ಆ ಹೊತ್ತನ್ನು ಮನೆಯವರು ಮನೆಯಲ್ಲೇ, ಸತ್ತವರ ಪಕ್ಕ ಕೂತು ಕಳೆಯಬಹುದು. ಒಂದು ಇಟ್ಟಿಗೆಯನ್ನೂ ಇಡದೆ ಸಾಲು ಕರಗುತ್ತದೆ.

ಇಂಗ್ಲೆಂಡಿನ ರೆಡಿಚ್ ಎಂಬ ಊರಿನ ಸ್ಥಳೀಯ ಸಂಸ್ಥೆ ಇನ್ನೂ ಮುಂದೆ ಹೋಯಿತು. ಹಲ್ಲಿಗೆ ತುಂಬಿಸಿದ ಬೆಳ್ಳಿ ಬಣ್ಣದ ಮಿಶ್ರಲೋಹದಲ್ಲಿ ಪಾದರಸ ಇರುತ್ತದೆ. ಅದು 357 ಡಿಗ್ರಿಗೇ ಕುದಿದು ಹೊಗೆಯ ಜೊತೆ ಹೊರಟುಹೋಗುತ್ತದೆ. ಅದನ್ನು ಸೋಸಿ ಹಿಡಿಯಬೇಕಾದರೆ ಹೊಗೆಯನ್ನು ತಣಿಸಬೇಕು. ತಣಿಸುವಾಗ ಸಿಕ್ಕ ಬಿಸಿಯನ್ನು ಅವರು 2013ರಿಂದ ಪಕ್ಕದ ಈಜುಕೊಳದ ನೀರು ಕಾಯಿಸಲು ಬಳಸಿದರು. ನಮ್ಮವರಿಗೆ ಅದು ಒಗ್ಗಲಾರದು. ಅಲ್ಲೂ ಕೆಲವರು ಬೇಸರಪಟ್ಟರು. ಆದರೆ ಅದೇ ಬಿಸಿಯಿಂದ ಕುಲುಮೆಗೆ ಹೋಗುವ ಗಾಳಿಯನ್ನು ಕಾಯಿಸಿದರೆ ಯಾರ ಮನಸ್ಸಿಗೂ ನೋವಾಗದು, ಇಂಧನವೂ ಉಳಿಯುತ್ತದೆ.

ಇದೆಲ್ಲ ಯಾರ ಕೆಲಸ? ಸಂವಿಧಾನವೇ ಹೇಳಿದೆ. ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಶವಸಂಸ್ಕಾರ, ಸ್ಮಶಾನ ಎಂದಷ್ಟೇ ಇದೆ. 1992ರಲ್ಲಿ 74ನೇ ತಿದ್ದುಪಡಿ ಹನ್ನೆರಡನೇ ಅನುಸೂಚಿಯನ್ನು ಸೇರಿಸಿದಾಗ ನಗರ ಸಂಸ್ಥೆಗಳ ಪಟ್ಟಿಗೆ ವಿದ್ಯುತ್ ಚಿತಾಗಾರ ಎಂಬ ಮಾತೂ ಬಂತು. 14ನೇ ಬಾಬ್ತು. ಕುಡಿಯುವ ನೀರು, ಬೀದಿದೀಪ ಇರುವ ಪಟ್ಟಿಯಲ್ಲೇ ಇದೂ ಇದೆ. ನೀರಿಗೂ ದೀಪಕ್ಕೂ ನಾವು ಗಲಾಟೆ ಮಾಡುತ್ತೇವೆ. ಇದಕ್ಕೆ ಮಾಡುವುದಿಲ್ಲ. ಕಷ್ಟ ಕಂಡವರು ಸೂತಕ ಮುಗಿದ ಮೇಲೆ ಆ ಗೇಟಿನ ಕಡೆ ತಿರುಗಿ ನೋಡಲೂ ಬಯಸುವುದಿಲ್ಲ.

ಯೋಜನೆ ಹಾಕಬೇಕಾದವರ ಕೈಲಿ ಈಗಿರುವುದು 2011ರ ಜನಗಣತಿ. ಆಗ ಬೆಂಗಳೂರು ಪಾಲಿಕೆ ವ್ಯಾಪ್ತಿಯಲ್ಲಿ ಸುಮಾರು 84 ಲಕ್ಷ ಜನ. ಊರು ಅಲ್ಲಿಗೆ ನಿಂತಿಲ್ಲ. ದುಡಿಯಲು ಬಂದು ಇಲ್ಲೇ ನೆಲೆಸಿದವರಿಗೆ ಈಗ ವಯಸ್ಸಾಗುತ್ತಿದೆ. ಊರಲ್ಲಿ ಹೊಲದ ಬದಿಗೆ ಹೂಳುತ್ತಿದ್ದ ಮನೆಗಳು ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಚಿತಾಗಾರವನ್ನೇ ನೆಚ್ಚಿಕೊಳ್ಳುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದು ಬಂದಿವೆ. ಗಡಿಯ ಆಚೆ ಕುಲುಮೆ ಖಾಲಿ, ಈಚೆ ಉದ್ದ ಸಾಲು ಎಂದಾಗಬಾರದು. ಐದಕ್ಕೂ ಸೇರಿ ಒಂದೇ ಟೋಕನ್ ವ್ಯವಸ್ಥೆ ಬೇಕು. ಸರದಿಯ ಗಣಿತ ಇಲ್ಲಿ ನಮ್ಮ ಕಡೆಗಿದೆ. ಬೇರೆ ಬೇರೆ ಹತ್ತು ಸಾಲಿಗಿಂತ ಹತ್ತು ಕುಲುಮೆಗೆ ಒಂದೇ ಸಾಲು ಯಾವಾಗಲೂ ಬೇಗ ಸಾಗುತ್ತದೆ.

ಇಷ್ಟಕ್ಕೆಲ್ಲ ಮೊದಲು ಎಷ್ಟು ಹೊತ್ತು ಕಾಯುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಅವತ್ತು ಸಂಜೆ ರಸೀದಿಗೆ ಸಹಿ ಹಾಕುವಾಗ ಮೇಜಿನ ಮೇಲಿದ್ದ ದಪ್ಪ ರಿಜಿಸ್ಟರನ್ನು ನೋಡಿದೆ. ಹೆಸರು, ವಯಸ್ಸು, ವಿಳಾಸ, ಕುಲುಮೆಗೆ ಹಾಕಿದ ಹೊತ್ತು. ದೊಡ್ಡಪ್ಪನ ಹೆಸರಿನ ಮುಂದೆ 4.30 ಎಂದಿತ್ತು. ನಾವು ಗೇಟಿಗೆ ಬಂದ 11 ಗಂಟೆ ಆ ಪುಟದಲ್ಲಿ ಎಲ್ಲೂ ಇರಲಿಲ್ಲ. ಬಂದ ಹೊತ್ತು ಬರೆಯಲು ಆ ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆದರೆ ಸಾಕು, ಒಂದು ವರ್ಷದಲ್ಲಿ ಆ ಊರಿಗೆ ಎಷ್ಟು ಕುಲುಮೆ ಬೇಕು ಎಂಬ ಲೆಕ್ಕ ಅದರಲ್ಲೇ ಸಿಗುತ್ತದೆ.