ಕೆಂಪು ಮಣ್ಣಲ್ಲೂ ಕೇಪಳಕ್ಕೆ ಕಬ್ಬಿಣದ ಬರ

ಹೊಸ ಮನೆಯ ಕಾಂಪೌಂಡ್ ಪಕ್ಕ ನೆಟ್ಟ ಕೇಪಳ, ಅಂದರೆ ನರ್ಸರಿಯವರ ಇಕ್ಸೋರಾ, ಒಂದಷ್ಟು ದಿನ ಚೆನ್ನಾಗಿರುತ್ತದೆ. ಆಮೇಲೆ ಚಿಗುರು ಹಳದಿಗೆ ತಿರುಗುತ್ತದೆ, ಹೂ ಕಡಿಮೆಯಾಗುತ್ತದೆ. ಗೊಬ್ಬರ ಸಾಲದೇನೋ ಅಂತ ಇನ್ನೊಂದು ಬೊಗಸೆ ಹಾಕುತ್ತೇವೆ. ಗಿಡ ಏಳುವುದಿಲ್ಲ.

ಎಲೆಯನ್ನು ಹತ್ತಿರದಿಂದ ನೋಡಿ. ಎಲೆಯೆಲ್ಲ ಹಳದಿ, ನರಗಳು ಮಾತ್ರ ಹಸಿರು. ಅದೂ ಎಳೆ ಎಲೆಗಳಲ್ಲೇ. ಸಾರಜನಕ ಸಾಲದಿದ್ದರೆ ಹಳೆ ಎಲೆ ಮೊದಲು ಹಳದಿಯಾಗುತ್ತದೆ, ಏಕೆಂದರೆ ಗಿಡ ಅಲ್ಲಿಂದ ಸಾರಜನಕ ಎಳೆದು ಚಿಗುರಿಗೆ ಕೊಡುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸುವುದು ಅದಕ್ಕೆ ಕಷ್ಟ. ಹಾಗಾಗಿ ಇದು ಕಬ್ಬಿಣದ ಕೊರತೆ.

ನಮ್ಮ ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ ಆಕ್ಸೈಡಿನದು, ಅಲ್ವಾ? ಮತ್ತೆ ಬರ ಯಾಕೆ? ಕಬ್ಬಿಣ ಬೇಕಾದಷ್ಟಿದೆ, ಆದರೆ ಕರಗದೆ ಬೇರಿಗೆ ದಕ್ಕದು. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, ಏರಿದಷ್ಟೂ ಹುಳಿ ಕಡಿಮೆ) 1 ಅಂಕ ಏರಿದರೆ ಕರಗುವ ಕಬ್ಬಿಣ ಸುಮಾರು 1000 ಪಟ್ಟು ಕುಗ್ಗುತ್ತದೆ. ಗೋಡೆ ಕಟ್ಟುವಾಗ ಬಿದ್ದ ಸಿಮೆಂಟು, ಗಾರೆಯ ಚೂರುಗಳಲ್ಲಿ ಸುಣ್ಣ ಜಾಸ್ತಿ. ಅದು ವರ್ಷಗಟ್ಟಲೆ ಪಿಎಚ್ಚನ್ನು 8ರ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಗಡಸು ಬೋರ್‌ವೆಲ್ ನೀರು ಹಾಕಿದರೆ ಇನ್ನೂ ಕಷ್ಟ. ಕರಾವಳಿಯ ಗುಡ್ಡಗಳ ಹುಳಿ ಮಣ್ಣಲ್ಲಿ ಯಾರ ಆರೈಕೆಯೂ ಇಲ್ಲದೆ ಹೂ ಬಿಡುವ ಕೇಪಳಕ್ಕೆ ಇದು ಒಗ್ಗುವುದೇ ಇಲ್ಲ.

ಅನುಮಾನವಿದ್ದರೆ ಚಿಟಿಕೆ ಒಣ ಮಣ್ಣಿಗೆ ನಿಂಬೆರಸ ಹಿಂಡಿ. ಗುಳ್ಳೆ ಎದ್ದರೆ ಸುಣ್ಣ ಇದೆ ಅಂತಲೇ ಲೆಕ್ಕ.

ಸುಮ್ನೆ ಕಬ್ಬಿಣದ ಲವಣವಾದ ಫೆರಸ್ ಸಲ್ಫೇಟ್ ತಂದು ಬುಡಕ್ಕೆ ಸುರಿಯಬೇಡಿ. ಆ ಮಣ್ಣಲ್ಲಿ ಅದೂ ಬೇಗ ಕರಗದ ರೂಪಕ್ಕೆ ತಿರುಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಬಹುದು. ಮೊದಲು ಒಂದು ಕೊಂಬೆಗೆ ಹೊಡೆದು ನೋಡಿ, ಕೆಲವೊಮ್ಮೆ ಎಲೆ ಸುಡುತ್ತದೆ. ಇದರಿಂದ ಇರುವ ಎಲೆ ಹಸಿರಾಗುತ್ತದೆ, ಮುಂದಿನ ಚಿಗುರಿಗೆ ಮತ್ತೆ ಹೊಡೆಯಬೇಕು. ಮಣ್ಣಿಗೇ ಕೊಡುವುದಾದರೆ ಇಡಿಡಿಎಚ್‌ಎ ಚಿಲೇಟ್ (ಕಬ್ಬಿಣವನ್ನು ಹಿಡಿದು ಕರಗಿದ ರೂಪದಲ್ಲೇ ಇಡುವ ಸಂಯುಕ್ತ) ಕೇಳಿ ತನ್ನಿ. ಅಗ್ಗದ ಇಡಿಟಿಎ ಚಿಲೇಟ್ ಇಷ್ಟು ಪಿಎಚ್‌ನಲ್ಲಿ ಕಬ್ಬಿಣವನ್ನು ಬಿಟ್ಟುಬಿಡುತ್ತದೆ.

ನನ್ನನ್ನು ಕೇಳಿದರೆ, ಒಂದೂವರೆ ಅಡಿ ಅಗೆದು ಚೂರುಗಳನ್ನೆಲ್ಲ ಹೊರಗೆ ಹಾಕಿ, ಒಳ್ಳೆ ಕೆಂಪು ಮಣ್ಣು, ಎಲೆಗೊಬ್ಬರ ತುಂಬುವುದೇ ಸರಿ. ಬೆನ್ನು ನೋಯುತ್ತದೆ, ಆದರೆ ಕಾಯಿಲೆಯ ಬುಡವೇ ಹೋಗುತ್ತದೆ. ಅಷ್ಟು ಆಗದಿದ್ದರೆ ಕೇಪಳವನ್ನು ಕುಂಡಕ್ಕೆ ಬದಲಾಯಿಸಿ, ಆ ಜಾಗ ಕಣಗಿಲೆಗೆ ಬಿಟ್ಟುಕೊಡಿ. ಸುಣ್ಣದ ಮಣ್ಣನ್ನು ಅದು ತಾಳಿಕೊಳ್ಳುತ್ತದೆ. ಆದರೆ ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲವೂ ವಿಷ. ಚಿಕ್ಕ ಮಕ್ಕಳೋ ದನಕರುವೋ ಇರುವ ಮನೆಯಲ್ಲಿ ಅದು ಬೇಡ.