ಇಸವಿ ಇಲ್ಲದ ಸ್ಕಾಟಿಷ್ ಹಾಡಿನ ಪುಸ್ತಕ: ವಯಸ್ಸು ತಿಳಿಯುವುದು ಹೇಗೆ?

ಪ್ರಶ್ನೆ: ಸ್ಕಾಟ್ಲೆಂಡಿನ ಸಾಂಪ್ರದಾಯಿಕ ಹಾಡು, ಧಾಟಿಗಳ ಹಳೆಯ ಪುಸ್ತಕಗಳನ್ನು ಸಂಗ್ರಹಿಸಲು ತೊಡಗಿದ್ದೇನೆ. ಹಲವು ಪ್ರತಿಗಳಲ್ಲಿ ಇಸವಿಯೇ ಇಲ್ಲ. ಮಾರುವವರು ಹೇಳಿದ ಇಸವಿಯನ್ನು ನಂಬಬಹುದೇ?

ಉತ್ತರ: ಕಣ್ಣು ಮುಚ್ಚಿಕೊಂಡು ನಂಬಬೇಡಿ. ಮಾರುವವರು ಸುಳ್ಳು ಹೇಳುತ್ತಾರೆಂದಲ್ಲ. ಅವರು ಹೇಳುವುದು ಸಾಮಾನ್ಯವಾಗಿ ಆ ಸಂಗ್ರಹ ಮೊದಲು ಹೊರಬಂದ ವರ್ಷ. ನಿಮ್ಮ ಕೈಯಲ್ಲಿರುವ ಪ್ರತಿ ಅಚ್ಚಾದ ವರ್ಷ ಬೇರೆಯೇ ಇರಬಹುದು.

ಹದಿನೆಂಟನೆಯ ಶತಮಾನದಲ್ಲಿ ಸ್ವರಲಿಪಿಯನ್ನು ಬಹುಮಟ್ಟಿಗೆ ಲೋಹದ ಫಲಕಗಳಲ್ಲಿ ಕೊರೆದು ಅಚ್ಚು ಹಾಕುತ್ತಿದ್ದರು. ಬೇಡಿಕೆ ಬಂದಾಗಲೆಲ್ಲ ಅದೇ ಫಲಕಕ್ಕೆ ಮಸಿ ಬಳಿದು ಮತ್ತೊಂದಿಷ್ಟು ಪ್ರತಿ ತೆಗೆಯಬಹುದಿತ್ತು. ಪ್ರಕಾಶಕ ಸತ್ತರೆ ಫಲಕಗಳು ಬೇರೆಯವರ ಪಾಲಾಗುತ್ತಿದ್ದವು. ಎಡಿನ್‌ಬರೋದ ಜೇಮ್ಸ್ ಜಾನ್ಸನ್ ಹೊರತಂದ ‘ಸ್ಕಾಟ್ಸ್ ಮ್ಯೂಸಿಕಲ್ ಮ್ಯೂಸಿಯಂ’ ಇದಕ್ಕೆ ಒಳ್ಳೆಯ ಉದಾಹರಣೆ. 1787ರಿಂದ 1803ರವರೆಗೆ ಆರು ಸಂಪುಟ, ಒಂದೊಂದರಲ್ಲಿ ನೂರು ಹಾಡು. ಕವಿ ರಾಬರ್ಟ್ ಬರ್ನ್ಸ್ ಬಿಡಿಗಾಸೂ ಪಡೆಯದೆ ಇದಕ್ಕಾಗಿ ಹಾಡುಗಳನ್ನು ಹುಡುಕಿದ, ತಿದ್ದಿದ, ಬರೆದ. 1796ರ ಐದನೆಯ ಸಂಪುಟದಲ್ಲಿ ‘ಆಲ್ಡ್ ಲ್ಯಾಂಗ್ ಸೈನ್’ ಇದೆ, ಆದರೆ ಇಂದು ಜಗತ್ತು ಹಾಡುವ ಧಾಟಿಯಲ್ಲಲ್ಲ! ಆ ಧಾಟಿಯೊಂದಿಗೆ ಹಾಡನ್ನು 1799ರಲ್ಲಿ ಅಚ್ಚು ಹಾಕಿಸಿದವನು ಮತ್ತೊಬ್ಬ ಹಾಡು ಸಂಗ್ರಾಹಕ ಜಾರ್ಜ್ ಥಾಮ್ಸನ್. ಜಾನ್ಸನ್‌ನ ಸಂಗ್ರಹ 1839ರಲ್ಲಿ ಮತ್ತೆ ಹೊರಬಂತು. ಹೀಗಿರುವಾಗ ಬಿಡಿ ಹಾಳೆಯನ್ನೋ ಮುಖಪುಟ ಕಳೆದುಹೋದ ಸಂಪುಟವನ್ನೋ ನೋಡಿ 1787 ಎಂದುಬಿಡುವುದು ದುಡುಕು.

ಮೊದಲು ಮುಖಪುಟದ ಅಡಿಯಲ್ಲಿರುವ ಅಂಗಡಿಯ ವಿಳಾಸ ಓದಿ. ರೀಲ್ ಕುಣಿತದ ಧಾಟಿಗಳನ್ನು ಪ್ರಕಟಿಸಿದ ರಾಬರ್ಟ್ ಬ್ರೆಮ್ನರ್ 1762ರಲ್ಲಿ ಎಡಿನ್‌ಬರೋದಿಂದ ಲಂಡನ್ನಿಗೆ ಬಂದು ಸ್ಟ್ರ್ಯಾಂಡ್ ರಸ್ತೆಯಲ್ಲಿ ಅಂಗಡಿ ಇಟ್ಟ. ಅವನ ಹೆಸರಿನೊಂದಿಗೆ ಸ್ಟ್ರ್ಯಾಂಡ್ ವಿಳಾಸವಿದ್ದರೆ ಆ ಪ್ರತಿ 1762ಕ್ಕಿಂತ ಹಿಂದಿನದಾಗಿರಲಾರದು.

ಆಮೇಲೆ ಕಾಗದ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. 1794ರ ತೆರಿಗೆ ಕಾನೂನಿನ ನಂತರ ಬ್ರಿಟನ್ನಿನ ಕಾಗದ ತಯಾರಕರಲ್ಲಿ ಅನೇಕರು ನೀರ್ಗುರುತಿನಲ್ಲೇ (ಕಾಗದ ತಯಾರಿಸುವಾಗಲೇ ಮೂಡಿಸುವ, ಬೆಳಕಿಗೆ ಹಿಡಿದರೆ ಕಾಣುವ ಗುರುತು) ಇಸವಿ ಸೇರಿಸತೊಡಗಿದರು. ಸ್ವರಗಳ ಸಾಲಿನ ಹಿಂದೆ ಮಸುಕಾಗಿ 1805 ಎಂದು ಕಂಡರೆ, ಮುನ್ನುಡಿಯ ಕೊನೆಯಲ್ಲಿ ಯಾವ ವರ್ಷವಿದ್ದರೂ ಆ ಹಾಳೆ 1805ಕ್ಕಿಂತ ಮೊದಲು ಅಚ್ಚಾಗಿಲ್ಲ. ಒಂದೇ ಹಾಳೆ ನೋಡಿ ತೃಪ್ತರಾಗಬೇಡಿ. ಬೇರೆ ಬೇರೆ ಕಾಲದ ಭಾಗಗಳನ್ನು ಒಟ್ಟಿಗೆ ಹೊಲಿದು ರಟ್ಟು ಹಾಕಿಸುವುದು ಆಗ ರೂಢಿಯಲ್ಲಿತ್ತು.

ಕೊನೆಗೆ ಫಲಕದ ಸವೆತ. ಜಾನ್ಸನ್ ಬಳಸಿದ್ದು ಪ್ಯೂಟರ್ ಎಂಬ ತವರದ ಮೆದು ಮಿಶ್ರಲೋಹ. ಅಚ್ಚು ತೆಗೆದಷ್ಟೂ ಗೆರೆ ಸವೆಯುತ್ತದೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಹಳೆಯ ಸ್ಕಾಟಿಷ್ ಸಂಗೀತ ಪುಸ್ತಕಗಳಿರುವ ತನ್ನ ಗ್ಲೆನ್ ಮತ್ತು ಇಂಗ್ಲಿಸ್ ಸಂಗ್ರಹಗಳ ಪುಟಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ನಿಮ್ಮ ಪುಟವನ್ನು ಅಲ್ಲಿನ ಪುಟದ ಪಕ್ಕದಲ್ಲಿಟ್ಟು ಗೆರೆಗಳು ತೆಳುವಾಗಿವೆಯೇ, ಹೊಸ ಬಿರುಕು ಮೂಡಿದೆಯೇ ಎಂದು ನೋಡಿ.

ತಡವಾದ ಪ್ರತಿ ಎಂದು ತಿಳಿದರೆ ಬೇಸರಪಡಬೇಕಿಲ್ಲ. ನುಡಿಸಲು, ಹಾಡಲು ಬೇಕಿದ್ದರೆ ನಾನು 1839ರ ಆವೃತ್ತಿಯನ್ನೇ ಆರಿಸುತ್ತೇನೆ. ಅದರಲ್ಲಿರುವ, ಹಾಡುಗಳ ಹಿನ್ನೆಲೆ ಕುರಿತು ವಿಲಿಯಂ ಸ್ಟೆನ್‌ಹೌಸ್ ಬರೆದ ವಿಸ್ತಾರವಾದ ಟಿಪ್ಪಣಿಗಳು ಮೊದಲ ಮುದ್ರಣದಲ್ಲಿ ಸಿಗುವುದಿಲ್ಲ. 1787ರ ಮುದ್ರಣಕ್ಕೆ ಕೊಡುವ ಬೆಲೆ ಮಾತ್ರ ಅದಕ್ಕೆ ಕೊಡಬೇಡಿ.