ಡಿಸ್ಟಫ್ ಮಾಡಿ ಆಯಿತಲ್ಲ, ಇನ್ನೇನು ಬಾಡಿಗೆ?

ಹಡಗು ತಡವಾದರೆ ನಮ್ಮ ಆಮದುದಾರರು ತಾಳಿಕೊಳ್ಳುತ್ತಾರೆ. ಸುಂಕ ಜಾಸ್ತಿಯಾದರೆ ಗೊಣಗುತ್ತಲೇ ಕಟ್ಟುತ್ತಾರೆ. ಕಸ್ಟಮ್ಸ್ ಏಜೆಂಟನಾದ ನನಗೆ ನಿಜವಾದ ಸಿಟ್ಟಿನ ಫೋನು ಬರುವುದು ಮಾಲು ಗೋದಾಮು ಸೇರಿ ಕೆಲವು ದಿನಗಳಾದ ಮೇಲೆ, ಶಿಪ್ಪಿಂಗ್ ಲೈನಿನವರ, ಅಂದರೆ ಹಡಗು ಕಂಪನಿಯವರ, ಡಿಟೆನ್ಷನ್ ಬಿಲ್ಲು (ಅವರ ಕಂಟೇನರನ್ನು ತಡವಾಗಿ ಮರಳಿಸಿದ್ದಕ್ಕೆ ಕೇಳುವ ಬಾಡಿಗೆ) ಕೈಗೆ ಬಂದಾಗ. ‘ಸರ್, ನಾವು ಡಿಸ್ಟಫ್ ಮಾಡಿ ಆಯಿತಲ್ಲ, ಇನ್ನೇನು ಬಾಡಿಗೆ?’

ಡಿಸ್ಟಫ್ ಮಾಡುವುದು ಎಂದರೆ ಕಂಟೇನರಿನ ಒಳಗಿರುವ ಮಾಲನ್ನು ಹೊರಗೆ ತೆಗೆಯುವುದು, ಅಷ್ಟೆ. ತುಂಬುವುದು ಸ್ಟಫ್ ಮಾಡುವುದು. ನಮ್ಮ ವ್ಯಾಪಾರಿಗಳು ಇದಕ್ಕೂ ‘ಇಳಿಸುವುದು’ ಎಂದೇ ಹೇಳುತ್ತಾರೆ. ತೊಡಕು ಹುಟ್ಟುವುದೇ ಅಲ್ಲಿ. ಚೆನ್ನೈ ಬಂದರಿನಲ್ಲಿ ಕ್ರೇನು ಪೆಟ್ಟಿಗೆಯನ್ನು ಹಡಗಿನಿಂದ ಎತ್ತಿ ಇಡುತ್ತದೆ, ಅದೂ ಇಳಿಸುವುದೇ. ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋದಲ್ಲಿ ರೈಲಿನಿಂದ ತೆಗೆದು ನೆಲಕ್ಕಿಡುತ್ತಾರೆ, ಅದೂ ಇಳಿಸುವುದೇ. ಈ ಎರಡರಲ್ಲೂ ಇಳಿಯುವುದು ಬೀಗಮುದ್ರೆ ಮುರಿಯದ ಪೆಟ್ಟಿಗೆ. ಡಿಸ್ಟಫ್ ಮಾಡಿದಾಗ ಪೆಟ್ಟಿಗೆ ಇದ್ದಲ್ಲೇ ಇರುತ್ತದೆ, ಹೊರಬರುವುದು ಮಾಲು. ಕಸ್ಟಮ್ಸ್ ಕಾಯ್ದೆ, 1962ರ 48ನೇ ಸೆಕ್ಷನ್ನು 30 ದಿನದೊಳಗೆ ಬಿಡಿಸಿಕೊಳ್ಳದ ಮಾಲನ್ನು ನೋಟಿಸು ಕೊಟ್ಟು ಮಾರಲು ಅವಕಾಶ ಕೊಡುತ್ತದೆ. ಆ ದಿನಗಳ ಲೆಕ್ಕ ಶುರುವಾಗುವುದು ಕಸ್ಟಮ್ಸ್ ವ್ಯಾಪ್ತಿಯ ಜಾಗದಲ್ಲಿ ಮಾಲು ಇಳಿದ ದಿನದಿಂದ. ‘ನಾವಿನ್ನೂ ಡಿಸ್ಟಫ್ ಮಾಡಿಯೇ ಇಲ್ಲ, ದಿನ ಹೇಗೆ ಎಣಿಸುತ್ತೀರಿ?’ ಎಂದು ಅಲ್ಲಿ ವಾದಿಸಿದರೆ ನಿಲ್ಲುವುದಿಲ್ಲ.

ಈಗ ಬಾಡಿಗೆಯ ವಿಷಯ. ಡಿಪೋದ ಜಾಗಕ್ಕೆ ಕಟ್ಟುವ ನೆಲಬಾಡಿಗೆ ಬೇರೆ, ಲೈನಿನವರು ತಮ್ಮ ಪೆಟ್ಟಿಗೆಗೆ ಕೇಳುವ ಡಿಟೆನ್ಷನ್ ಬೇರೆ. ಮೊದಲನೆಯದು ಪೆಟ್ಟಿಗೆ ಡಿಪೋದ ಗೇಟು ದಾಟಿದರೆ ನಿಲ್ಲುತ್ತದೆ. ಎರಡನೆಯದು ಖಾಲಿ ಪೆಟ್ಟಿಗೆ ಲೈನಿನವರು ಹೇಳಿದ ಯಾರ್ಡನ್ನು ಸೇರಿದಾಗ ಮಾತ್ರ ನಿಲ್ಲುತ್ತದೆ. ಡಿಸ್ಟಫ್ ಮಾಡುವುದರಿಂದ ಯಾವುದೂ ನಿಲ್ಲುವುದಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಏಕೆಂದರೆ ಹತ್ತು ವರ್ಷದಿಂದ ಮಾಲು ತರಿಸುವವರೂ ಇಲ್ಲೇ ಎಡವುತ್ತಾರೆ: ಡಿಸ್ಟಫ್ ಮಾಡುವುದರಿಂದ ಯಾವುದೂ ನಿಲ್ಲುವುದಿಲ್ಲ. ಮದುವೆಗೆ ಬಾಡಿಗೆಗೆ ತಂದ ಕೊಪ್ಪರಿಗೆಯಲ್ಲಿ ಸಾರು ಖಾಲಿಯಾಯಿತೆಂದು ಪಾತ್ರೆ ಅಂಗಡಿಯವನು ಲೆಕ್ಕ ನಿಲ್ಲಿಸುತ್ತಾನೆಯೇ? ಕೊಪ್ಪರಿಗೆ ಅಂಗಡಿಗೆ ಮರಳಬೇಕು, ಬೆಳಗಿಯೇ ಮರಳಬೇಕು. ಡಿಟೆನ್ಷನ್ ಬೀಳದ ಉಚಿತ ದಿನಗಳು ಎಷ್ಟು, ಅವು ಯಾವತ್ತಿನಿಂದ ಶುರು ಎಂಬುದು ಲೈನಿನಿಂದ ಲೈನಿಗೆ, ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗುತ್ತದೆ. ಪಕ್ಕದ ಅಂಗಡಿಯವರಿಗೆ ಸಿಕ್ಕಷ್ಟು ದಿನ ನಿಮಗೂ ಸಿಗುತ್ತದೆ ಎಂದುಕೊಳ್ಳಬೇಡಿ. ಮಾಲು ಬಿಟ್ಟುಕೊಡಲು ಲೈನಿನವರು ಕೊಡುವ ಡೆಲಿವರಿ ಆರ್ಡರಿನಲ್ಲಿ ಬರೆದದ್ದನ್ನು ಓದಿ.

ಪೀಣ್ಯದ ಹಿರಿಯರೊಬ್ಬರು ನನಗೆ ಬಹಳ ಬೇಕಾದವರು. ಆಯುಧಪೂಜೆಯ ಹಿಂದಿನ ವಾರ ಅವರಿಗೊಂದು ಇಪ್ಪತ್ತಡಿಯ ಕಂಟೇನರ್ ಬಂತು. ಟ್ರೇಲರಿಗೆ ಕಾಯುವ ಬಾಡಿಗೆ ಏಕೆಂದು ಕ್ರೇನು ತರಿಸಿ ಪೆಟ್ಟಿಗೆಯನ್ನು ಅಂಗಳದಲ್ಲಿ ಇಳಿಸಿಕೊಂಡರು, ಮಾಲು ತೆಗೆಸಿದರು. ಗಟ್ಟಿ ಬಾಗಿಲು, ಸೋರದ ಮಾಡು, ಕೀಲಿ ಹಾಕುವ ಕೊಂಡಿ. ಇಷ್ಟು ಒಳ್ಳೆಯ ಉಗ್ರಾಣ ಬಿಟ್ಟಿ ಸಿಕ್ಕಿದಾಗ ಯಾರಿಗೆ ಆಸೆಯಾಗುವುದಿಲ್ಲ? ಹಳೆಯ ಸಾಮಾನು ಒಳಗಿಟ್ಟರು. ಹಬ್ಬದ ದಿನ ಲೇತು, ಡ್ರಿಲ್ಲುಗಳ ಜೊತೆಗೆ ಅದಕ್ಕೂ ಬಾಳೆಕಂಬ ಕಟ್ಟಿ, ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿ, ಹೊಸ್ತಿಲಲ್ಲಿ ಬೂದುಗುಂಬಳ ಒಡೆಸಿದರು. ಪರದೇಶದ ಹಡಗು ಕಂಪನಿಯ ಸ್ವತ್ತಿಗೆ ಇಷ್ಟು ಭಕ್ತಿಯಿಂದ ಪೂಜೆ ನಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಪೆಟ್ಟಿಗೆ ಕೊನೆಗೆ ಮರಳಿದಾಗ ಯಾರ್ಡಿನ ಸರ್ವೇಯರ್ ಅದರ ನೆಲದ ಹಲಗೆಯ ಮೇಲಿನ ಕೆಂಪು ಕಲೆಯನ್ನು ಟಾರ್ಚು ಹಾಕಿ ನೋಡಿ, ‘ಕಲೆ, ತೊಳೆಯಬೇಕು’ ಎಂದು ಬರೆದ. ಡಿಟೆನ್ಷನ್ ಜೊತೆಗೆ ಶುಚಿ ಮಾಡುವ ಶುಲ್ಕವೂ ಸೇರಿತು. ರಜಾದಿನ ಲೆಕ್ಕಕ್ಕಿಲ್ಲ ಎಂದು ಅವರು ವಾದಿಸಿದರು. ಬಹುತೇಕ ಲೈನುಗಳು ಭಾನುವಾರ, ಹಬ್ಬ ಎಲ್ಲವನ್ನೂ ಎಣಿಸುತ್ತವೆ.

ಎಲ್ಲಿ ಡಿಸ್ಟಫ್ ಮಾಡಬೇಕೆಂಬುದನ್ನು ಹಡಗು ಬರುವ ಮೊದಲೇ ತೀರ್ಮಾನಿಸಿ. ನಲವತ್ತಡಿಯ ಪೆಟ್ಟಿಗೆ ಹೊತ್ತ ಟ್ರೇಲರು ಚಿಕ್ಕಪೇಟೆಯ ಗಲ್ಲಿಯಲ್ಲಿ ತಿರುಗುವುದಿಲ್ಲ. ಇದನ್ನೂ ಹೇಳಬೇಕಾಗಿ ಬರುತ್ತದೆ ಎಂಬುದೇ ಬೇಸರ. ಪೇಟೆಯವರು ಡಿಪೋದಲ್ಲೇ ಡಿಸ್ಟಫ್ ಮಾಡಿಸಿ ಸಣ್ಣ ಲಾರಿಗಳಲ್ಲಿ ಒಯ್ಯುವುದು ಲೇಸು. ಖಾಲಿ ಪೆಟ್ಟಿಗೆಯ ತಲೆನೋವೂ ಅವರಿಗೆ ಕಡಿಮೆ. ಕಾರ್ಖಾನೆಗೇ ತರಿಸುವವರು ರ‍್ಯಾಂಪ್ ಇದೆಯೇ ನೋಡಿಕೊಳ್ಳಿ. ಟ್ರೇಲರಿನ ಮೇಲಿರುವ ಕಂಟೇನರಿನ ನೆಲ ಆಳಿನ ಎದೆಯ ಮಟ್ಟಕ್ಕೆ ಬರುತ್ತದೆ. ಯಂತ್ರವಿಲ್ಲದೆ ಭಾರದ ಪ್ಯಾಲೆಟ್ಟುಗಳನ್ನು ಅಲ್ಲಿಂದ ತೆಗೆಸಲು ಹಮಾಲಿಗಳಿಗೆ ಹೇಳುವುದು ಅನ್ಯಾಯ.

ಹಮಾಲಿಗಳ ಮಾತು ಬಂತು, ಅದನ್ನು ಮುಗಿಸಿಬಿಡುತ್ತೇನೆ. ಸೀಲು ಮುರಿಯುವ ಮೊದಲು ಅದರ ನಂಬರನ್ನು ಬಿಲ್ ಆಫ್ ಲೇಡಿಂಗ್ (ಮಾಲು ಸಾಗಿಸಲು ಲೈನಿನವರು ಕೊಟ್ಟ ದಾಖಲೆ) ಜೊತೆ ತಾಳೆ ನೋಡಿ, ಫೋಟೋ ತೆಗೆಯಿರಿ. ಮೊದಲು ತೆರೆಯುವುದು ಬಲಗಡೆಯ ಬಾಗಿಲು, ಅದೂ ಗೇಣಗಲ ಮಾತ್ರ. ಸಮುದ್ರದಲ್ಲಿ ತೂಗಾಡಿದ ಒಳಗಿನ ಡಬ್ಬ, ಮೂಟೆಗಳು ಬಾಗಿಲಿಗೆ ಒರಗಿ ನಿಂತಿರುತ್ತವೆ. ರಪ್ಪನೆ ಎಳೆದವರ ಮೇಲೆಯೇ ಬೀಳುತ್ತವೆ. ಬಾಗಿಲಿನ ಮೇಲೆ, ಹುಳು ಸಾಯಿಸಲು ಒಳಗೆ ಹೊಗೆ ಹಾಕಲಾಗಿದೆ ಎಂಬ ಎಚ್ಚರಿಕೆಯ ಚೀಟಿ ಇದ್ದರೆ ಮೀಥೈಲ್ ಬ್ರೋಮೈಡ್ ಅಥವಾ ಫಾಸ್ಫೀನ್ ಎಂಬ ವಿಷಾನಿಲ ಉಳಿದಿರಬಹುದು. ಆಗ ಗಾಳಿಯಾಡಿಸುವುದು, ಅಳೆಯುವುದು ಎಲ್ಲ ತಿಳಿದವರ ಕೆಲಸ; ಅವರು ಸರಿ ಎನ್ನುವವರೆಗೆ ಯಾರನ್ನೂ ಒಳಗೆ ಬಿಡಬೇಡಿ. ಚೀಟಿ ಇಲ್ಲ, ಆದರೆ ಘಾಟು ವಾಸನೆ ಇದೆ ಎಂದರೂ ಹಾಗೆಯೇ. ವಾಸನೆ ಇಲ್ಲವೆಂದರೆ ಅಪಾಯವಿಲ್ಲ ಎಂದಲ್ಲ. ಮೀಥೈಲ್ ಬ್ರೋಮೈಡಿಗೆ ವಾಸನೆಯೇ ಇಲ್ಲವೆನ್ನಬಹುದು. ಒಂದು ದಿನದ ಡಿಟೆನ್ಷನ್ ಹೋದರೆ ಹೋಗಲಿ.

ಡಿಸ್ಟಫ್ ಆದ ಮೇಲೆ ಹಲಗೆಯ ಮೊಳೆ ಕೀಳಿಸಿ, ಗುಡಿಸಿಸಿ, ಬಾಗಿಲು ಹಾಕಿಸುವ ಮೊದಲು ಒಳಗಿನ ಫೋಟೋ ತೆಗೆಯಿರಿ. ಖಾಲಿ ಪೆಟ್ಟಿಗೆಯನ್ನು ಎಲ್ಲಿಗೆ ಒಪ್ಪಿಸಬೇಕೆಂದು ಅದೇ ದಿನ ಮತ್ತೆ ಕೇಳಿ, ಲೈನಿನವರು ಯಾರ್ಡು ಬದಲಿಸಿರಬಹುದು. ಪೆಟ್ಟಿಗೆ ಒಪ್ಪಿಸಿದ್ದಕ್ಕೆ ಯಾರ್ಡಿನವರು ಚಾಲಕನಿಗೆ ಚೀಟಿ ಕೊಡುತ್ತಾರೆ. ತಾರೀಖು, ಪೆಟ್ಟಿಗೆಯ ನಂಬರು, ಡೊಂಕು ಕಲೆಗಳ ವಿವರ ಎಲ್ಲ ಅದರಲ್ಲಿರುತ್ತದೆ. ಆ ಚೀಟಿ ಕೈಗೆ ಬಾರದೆ ಲಾರಿಯವನ ಬಾಕಿ ಚುಕ್ತಾ ಮಾಡಬೇಡಿ. ನನಗೊಂದು ಫೋಟೋ ಕಳಿಸಿ. ಆಮೇಲೆ ಲೈನಿನವರು ಹೆಚ್ಚು ದಿನ ಎಣಿಸಿದರೆ ಜಗಳ ಆಡುವುದು ನನ್ನ ಕೆಲಸ.